ಚಿಗಟಕ್ಕೆ ಮೊದಲ ಮದ್ದು ಪೊರಕೆ

ನಾಯಿ ಕೆರೆದುಕೊಳ್ಳಲು ಶುರುಮಾಡಿತೆಂದರೆ ಎಲ್ಲರೂ ಬಕೆಟ್, ಸೋಪು ಹಿಡಿದು ನಾಯಿಯ ಬೆನ್ನು ಹತ್ತುತ್ತಾರೆ. ನಾನು ಪೊರಕೆ ಹಿಡಿಯುತ್ತೇನೆ. ನಾಯಿಯ ಮೈಮೇಲೆ ಕಾಣುವ ಚಿಗಟಗಳು ಮನೆಯಲ್ಲಿರುವ ಒಟ್ಟು ಸಂತಾನದ ಸಣ್ಣದೊಂದು ಪಾಲು ಮಾತ್ರ. ಮಿಕ್ಕವೆಲ್ಲ ಮೊಟ್ಟೆ, ಮರಿಹುಳು, ಗೂಡಿನ ರೂಪದಲ್ಲಿ ನೆಲದ ಬಿರುಕಿನಲ್ಲಿ, ಗೋಣಿಚೀಲದ ಮಡಿಕೆಯಲ್ಲಿ, ಮಂಚದ ಕೆಳಗಿನ ಕಸದಲ್ಲಿ ಇರುತ್ತವೆ. ನಾಯಿಯನ್ನು ಎಷ್ಟು ತೊಳೆದರೂ ಅದು ಮತ್ತೆ ಹೋಗಿ ಮಲಗುವುದು ಅಲ್ಲಿಯೇ ತಾನೆ?

ನಮ್ಮದು ಸಾಗರದ ಕಡೆಯ ಹಳೆಯ ಮನೆ. ಜಗಲಿಗೆ ಕಾವಿ ನೆಲ, ಉಗ್ರಾಣಕ್ಕೂ ಕಟ್ಟಿಗೆ ಇಡುವ ಕೊಠಡಿಗೂ ಇನ್ನೂ ಮಣ್ಣಿನ ನೆಲ. ಕರಿಯ ಎಂಬ ಊರನಾಯಿ, ಯಾರ ಮಾತನ್ನೂ ಕೇಳದ ಒಂದು ಬೆಕ್ಕು, ಕೊಟ್ಟಿಗೆಯಲ್ಲಿ ಎರಡು ದನ. ಮಳೆ ಹಿಡಿದರೆ ಕರಿಯನ ವಾಸ ಬಚ್ಚಲೊಲೆಯ ಪಕ್ಕದ ಬೆಚ್ಚನೆಯ ಬೂದಿಯಲ್ಲಿ. ತೇವ, ಬಿಸುಪು, ಕತ್ತಲೆ ಮೂರೂ ಒಂದೇ ಕಡೆ ಸಿಗುವುದರಿಂದ ಚಿಗಟಕ್ಕೆ ಇದಕ್ಕಿಂತ ಒಳ್ಳೆಯ ತವರು ಬೇಕಿಲ್ಲ.

ಮೊದಲು ನೋಡಬೇಕಾದದ್ದು, ಕಾಡುತ್ತಿರುವುದು ಚಿಗಟವೋ ಉಣುಗೋ ಎಂದು. ಉಣುಗು ಚರ್ಮಕ್ಕೆ ಕಚ್ಚಿಕೊಂಡು ಅಲ್ಲೇ ಊದಿಕೊಳ್ಳುತ್ತದೆ, ಹಾರುವುದಿಲ್ಲ. ಚಿಗಟ ಕೂದಲಿನ ನಡುವೆ ಓಡುತ್ತದೆ, ಕೈ ಹಾಕಿದರೆ ಜಿಗಿಯುತ್ತದೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಮೊದಲು ಗುರುತಾದಂದಿನಿಂದ ನಮ್ಮ ಕಡೆಯವರಿಗೆ ನಾಯಿಯ ಮೈಮೇಲೆ ಏನು ಹರಿದಾಡಿದರೂ ಭಯ. ಆ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ, ಚಿಗಟದಿಂದಲ್ಲ. ಚಿಗಟದ ಗುರುತು ಹಿಡಿಯುವುದು ಸುಲಭ. ನಾಯಿಯ ಬಾಲದ ಬುಡದಲ್ಲಿ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ ಸ್ವಲ್ಪ ಹೊತ್ತು ಬಿಡುತ್ತೇನೆ. ಬರಿಯ ಮಣ್ಣಾದರೆ ಕರಿಯದಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಪ್ರತಿ ಕಣದ ಸುತ್ತ ಕೆಂಗಂದು ಬಣ್ಣ ಬಿಡುತ್ತದೆ, ಏಕೆಂದರೆ ಅದು ಒಣಗಿದ ರಕ್ತ.

ಆ ರಕ್ತದ ಪುಡಿಯೇ ಮರಿಹುಳುಗಳ ಊಟ. ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆಗಳವರೆಗೂ ಇಡಬಲ್ಲದು. ಹೇನಿನ ಸೀರು ಕೂದಲಿಗೆ ಅಂಟಿಕೊಂಡರೆ, ಇದರ ಮೊಟ್ಟೆಗೆ ಅಂಟೇ ಇಲ್ಲ. ನಾಯಿ ಎಲ್ಲಿ ಮೈ ಕೊಡವಿತೋ ಅಲ್ಲಿ ಉದುರುತ್ತದೆ. ಹುಳು ಹೊರಬಂದು ಬೆಳಕಿಗೆ ಹೆದರಿ ಬಿರುಕಿನ ಆಳಕ್ಕೆ ಇಳಿಯುತ್ತದೆ, ಅಲ್ಲಿ ಅಂಟಂಟಾದ ಗೂಡು ಕಟ್ಟಿ ಅದರ ಮೇಲೆಲ್ಲ ಧೂಳು ಮೆತ್ತಿಕೊಳ್ಳುತ್ತದೆ. ಬೆಚ್ಚನೆಯ ತೇವವಿದ್ದರೆ ಮೊಟ್ಟೆಯಿಂದ ಚಿಗಟವಾಗಲು ಎರಡು ಮೂರು ವಾರ ಸಾಕು. ಪ್ರಾಣಿಯ ಸುಳಿವಿಲ್ಲದಿದ್ದರೆ ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ನೆಲ ಅದುರಿದರೆ, ಬಿಸಿ ಉಸಿರು ತಾಗಿದರೆ ಹೊರಗೆ ಜಿಗಿಯುತ್ತದೆ. ಬಹಳ ಕಾಲ ಬೀಗ ಹಾಕಿದ್ದ ಮನೆಯೊಳಗೆ ಕಾಲಿಟ್ಟ ತಕ್ಷಣ ಮೊಣಕಾಲಿನವರೆಗೂ ಕಡಿಸಿಕೊಂಡವರು ನಮ್ಮ ನೆಂಟರಲ್ಲೇ ಇದ್ದಾರೆ. ಯಾರೋ ಮಾಟ ಮಾಡಿಸಿದ್ದಾರೆ ಎಂದೂ ಅವರು ಅನುಮಾನಿಸಿದರು ಎನ್ನುವುದನ್ನು ಇಲ್ಲಿ ಬರೆಯಬಾರದೇನೋ.

ಇಷ್ಟು ಗೊತ್ತಿದ್ದರೆ ಏನು ಮಾಡಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಕರಿಯನಿಗೆ ನಾನು ದಪ್ಪ ಹಾಸಿಗೆ ಹಾಕುವುದಿಲ್ಲ, ಎರಡು ಗೋಣಿಚೀಲ ಮಾತ್ರ. ಒಂದು ಅವನ ಕೆಳಗೆ, ಇನ್ನೊಂದು ತೊಳೆಯಲು. ಎತ್ತುವಾಗ ಕೊಡವಬಾರದು. ಹಾಸಿದಲ್ಲೇ ನಾಲ್ಕೂ ಮೂಲೆ ಒಳಕ್ಕೆ ಮಡಚಿ, ಗಂಟಿನಂತೆ ಎತ್ತಿ ನೇರವಾಗಿ ಹಂಡೆಯಲ್ಲಿ ಕುದಿಯುವ ನೀರಿಗೆ ಇಳಿಸುತ್ತೇನೆ. ಮಳೆಗಾಲದಲ್ಲಿ ನಮ್ಮಲ್ಲಿ ಬಿಸಿಲಿನ ಮಾತೇ ಇಲ್ಲ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಬೇಕು. ಬೇಸಿಗೆಯಲ್ಲಾದರೆ ಅಡಿಕೆ ಒಣಗಿಸುವ ಅಂಗಳದಲ್ಲಿ ಹರಡಿದರೆ ಸಾಕು. ಮರಿಹುಳುಗಳಿಗೆ ಒಣ ಗಾಳಿ ಆಗಿಬರುವುದಿಲ್ಲ, ಒಣಗಿ ಸಾಯುತ್ತವೆ. ಬಚ್ಚಲೊಲೆಯ ಬೂದಿಯನ್ನೂ ವಾರಕ್ಕೊಮ್ಮೆ ಪೂರ್ತಿ ತೋಡಿ ತೆಗೆಯುತ್ತೇನೆ. ಕರಿಯ ಆ ದಿನವೆಲ್ಲ ಮುನಿಸಿಕೊಂಡಿರುತ್ತಾನೆ.

ಗುಡಿಸುವುದಕ್ಕೆ ಮುಂಚೆ ಕೋಣೆಯಲ್ಲಿ ಚೆನ್ನಾಗಿ ಓಡಾಡುತ್ತೇನೆ, ಮಂಚ ಎಳೆದಾಡುತ್ತೇನೆ. ನೆಲ ಅದುರಿದರೆ ಗೂಡಿನಲ್ಲಿದ್ದವು ಹೊರಬರುತ್ತವೆ. ನಮ್ಮ ಮಾವನವರು ಬಿಳಿ ಪಂಚೆಯಲ್ಲಿ ಉಗ್ರಾಣಕ್ಕೆ ಹೋಗಿಬಂದರೆ ಅಂಚಿನಲ್ಲಿ ಕರಿಚುಕ್ಕೆಗಳು ಎದ್ದು ಕಾಣುತ್ತವೆ, ಯಾವ ಕೋಣೆಯಲ್ಲಿ ಚಿಗಟ ಹೆಚ್ಚು ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಪಂಚೆ ಇಲ್ಲದವರು ಉದ್ದನೆಯ ಬಿಳಿ ಕಾಲುಚೀಲ ಹಾಕಿಕೊಳ್ಳಬಹುದು. ಗುಡಿಸಿದ ಕಸ ಅಂಗಳಕ್ಕೆ ಹೋದರೆ ಸಂಜೆಯೊಳಗೆ ನಾಯಿಯ ಮೈಯೇರಿ ವಾಪಸು ಬರುತ್ತದೆ, ಅದಕ್ಕೇ ನೇರ ಒಲೆಗೆ ಸುರಿಯುತ್ತೇನೆ. ಶಿವಮೊಗ್ಗದಲ್ಲಿರುವ ನನ್ನ ತಂಗಿ ಧೂಳು ಹೀರುವ ಯಂತ್ರ ಬಳಸುತ್ತಾಳೆ. ಅದು ಪೊರಕೆಗಿಂತ ಮೇಲೇ, ಆದರೆ ಅದರ ಚೀಲವನ್ನು ಆಗಲೇ ಹೊರಗೆ ಖಾಲಿ ಮಾಡಬೇಕು.

ಮಣ್ಣಿನ ನೆಲದ ಬಿರುಕುಗಳಿಗೆ ಜೇಡಿಮಣ್ಣು, ಸೆಗಣಿ ಕಲಸಿ ಮೆತ್ತಿ, ಒಣಗಿದ ಮೇಲೆ ಸಾರಿಸುತ್ತೇನೆ. ಸೆಗಣಿಗೆ ಚಿಗಟ ಸಾಯುತ್ತದೆ ಎಂಬ ನಂಬಿಕೆ ನನಗಿಲ್ಲ. ಬಿರುಕು ಮುಚ್ಚಿದರೆ ಹುಳುವಿಗೆ ಅಡಗುವ ಜಾಗವಿಲ್ಲ, ಅಷ್ಟೇ. ಇನ್ನು ರಾತ್ರಿ ಸಣ್ಣ ಬಲ್ಬಿನ ಕೆಳಗೆ ಅಗಲ ತಟ್ಟೆಯಲ್ಲಿ ಸೋಪಿನ ನೀರು ಇಡುವ ಉಪಾಯವಿದೆ. ಬೆಳಕಿನ ಕಡೆ ಜಿಗಿದವು ನೀರಿಗೆ ಬೀಳುತ್ತವೆ. ಇದರಿಂದ ಚಿಗಟ ನಿರ್ನಾಮವಾಗುವುದಿಲ್ಲ, ಕಡಿಮೆಯಾಗುತ್ತಿದೆಯೋ ಇಲ್ಲವೋ ಎಂದು ತಿಳಿಯುತ್ತದೆ.

ನಾಯಿಯ ಮೈಗೆ ಬಂದರೆ, ನನ್ನ ಮುಖ್ಯ ಆಯುಧ ಹೇನು ಬಾಚುವ ಸೀರಣಿಗೆ. ಊಟವಾದ ಮೇಲೆ ಕರಿಯ ತೂಕಡಿಸುವಾಗ ಕಿವಿಯ ಹಿಂದೆ, ಕತ್ತಿನ ಕೆಳಗೆ, ತೊಡೆಸಂದಿಯಲ್ಲಿ, ಬಾಲದ ಬುಡದಲ್ಲಿ ಬಾಚುತ್ತೇನೆ. ಪಕ್ಕದಲ್ಲಿ ಚೊಂಬಿನಲ್ಲಿ ಸೋಪಿನ ನೀರು. ಬರಿಯ ನೀರಿಗೆ ಅದ್ದಿದರೆ ಚಿಗಟ ಮೇಲೆಯೇ ತೇಲಿ, ಒದ್ದಾಡಿ, ಅಂಚು ಹಿಡಿದು ಜಿಗಿದುಬಿಡುತ್ತದೆ. ಸೋಪು ಬೆರೆತ ನೀರಿನಲ್ಲಿ ತೇಲಲಾಗದೆ ನೇರ ತಳ ಸೇರುತ್ತದೆ. ಸ್ನಾನಕ್ಕೆ ಅಂಟುವಾಳದ ಕಾಯಿ ನೆನೆಸಿ ಕಿವುಚಿದ ನೀರು. ಮೊದಲು ಕತ್ತಿನ ಸುತ್ತ ನೊರೆಯ ಪಟ್ಟಿ ಹಾಕಿ ಆಮೇಲೆ ಮೈಗೆ ಹಚ್ಚಬೇಕು, ಇಲ್ಲವಾದರೆ ನೀರು ಬಿದ್ದ ಕೂಡಲೇ ಎಲ್ಲವೂ ಮುಖದ ಕಡೆಗೆ ಓಡುತ್ತವೆ. ನೊರೆಯನ್ನು ಐದು ನಿಮಿಷವಾದರೂ ಬಿಟ್ಟು ತೊಳೆಯುತ್ತೇನೆ. ಕಣ್ಣಿಗೆ ತಾಗದಂತೆ ಜಾಗ್ರತೆ, ಅಂಟುವಾಳ ವಿಪರೀತ ಉರಿಯುತ್ತದೆ.

ಗೋಣಿಯ ಕೆಳಗೆ ಲಕ್ಕಿ ಸೊಪ್ಪು ಹಾಸುತ್ತೇನೆ. ಬತ್ತದ ಕಣಜಕ್ಕೂ ಹಿಂದಿನವರು ಇದನ್ನೇ ಹಾಕುತ್ತಿದ್ದರು. ವಾಸನೆಗೆ ಚಿಗಟ ಸ್ವಲ್ಪ ದೂರವಿರುತ್ತದೆ ಎಂದು ನನಗೆ ಅನ್ನಿಸಿದೆ. ಅದನ್ನೇ ನಂಬಿ ಗುಡಿಸುವುದನ್ನು ಬಿಡಲಾಗದು.

ಸಹಜ ಎಂಬ ಹೆಸರಿನಲ್ಲಿ ಓಡಾಡುವ ಕೆಲವನ್ನು ನಾನು ಮನೆಯೊಳಗೇ ಬಿಟ್ಟುಕೊಳ್ಳುವುದಿಲ್ಲ. ನಮ್ಮ ಅತ್ತೆಯದು ಹೊಗೆಸೊಪ್ಪಿನ ಕಷಾಯ. “ನಾವೆಲ್ಲ ಅದನ್ನೇ ಹಾಕುತ್ತಿದ್ದುದು ಕಣೇ, ಏನೂ ಆಗಲಿಲ್ಲ” ಎನ್ನುತ್ತಾರೆ. “ಅತ್ತೆ, ನಾಯಿ ಮೈ ನೆಕ್ಕಿಕೊಳ್ಳುತ್ತದಲ್ಲ, ಅದು ವಿಷ” ಎಂದರೆ ಆ ದಿನದ ಮಟ್ಟಿಗೆ ಸುಮ್ಮನಾಗುತ್ತಾರೆ. ಸೀತಾಫಲದ ಬೀಜದ ಪುಡಿ ಕೀಟವನ್ನು ಕೊಲ್ಲುವುದು ನಿಜ, ಆದರೆ ಒಂದಿಷ್ಟು ಕಣ್ಣಿಗೆ ಬಿದ್ದರೆ ಕಣ್ಣಿನ ಪಾರದರ್ಶಕ ಪೊರೆಯೇ ಹಾಳಾಗುತ್ತದೆ. ಕರ್ಪೂರ, ನುಸಿಗುಳಿಗೆ, ಸೀಮೆಎಣ್ಣೆ ಯಾವುದೂ ಬೇಡ. ಬೆಳ್ಳುಳ್ಳಿ ತಿನ್ನಿಸಿದರೆ ನಾಯಿಯ ಕೆಂಪು ರಕ್ತಕಣಗಳಿಗೇ ಪೆಟ್ಟು. ಟೀ ಟ್ರೀ ಎಣ್ಣೆ ನಾಯಿಗೂ ಬೆಕ್ಕಿಗೂ ಅಪಾಯ. ನೆಲಕ್ಕೆ ಉಪ್ಪು ಎರಚಿ ಎಂಬ ಸಲಹೆ ಕೊಟ್ಟವರು ಮಲೆನಾಡಿನ ಆಷಾಢ ನೋಡಿಲ್ಲ. ಇಲ್ಲಿ ಭರಣಿಯೊಳಗಿನ ಉಪ್ಪೇ ನೀರೊಡೆಯುತ್ತದೆ, ನೆಲಕ್ಕೆ ಎರಚಿದ್ದು ಇನ್ನಷ್ಟು ತೇವ ಎಳೆಯುತ್ತದೆ.

ಬೆಕ್ಕನ್ನು ಬಿಟ್ಟು ನಾಯಿಗೆ ಮಾತ್ರ ಮಾಡಿದರೆ ಶ್ರಮವೆಲ್ಲ ವ್ಯರ್ಥ, ಅದಕ್ಕೂ ಸೀರಣಿಗೆ ಹಿಡಿಯಲೇಬೇಕು. ಕೈಮೇಲೆ ಗೀರು ಬಿದ್ದರೆ ಬೀಳಲಿ. ನಾಯಿಗೆಂದು ತಂದ ಚಿಗಟದ ಔಷಧಿಯನ್ನು ಮಾತ್ರ ಬೆಕ್ಕಿಗೆ ಹಾಕಬಾರದು. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ನಡುಗಿ ಸಾಯಬಹುದು.

ಇಷ್ಟೆಲ್ಲ ಮಾಡಿದರೂ ಮೊದಲ ವಾರಗಳಲ್ಲಿ ಹೊಸ ಚಿಗಟ ಕಾಣುತ್ತಲೇ ಇರುತ್ತದೆ. ಹಳೆಯ ಗೂಡುಗಳು ಖಾಲಿಯಾಗುತ್ತಿವೆ ಎಂದುಕೊಂಡು ಎರಡು ಮೂರು ತಿಂಗಳು ಬಿಡದೆ ಮಾಡಬೇಕು. ಹಾಗೆಂದು ಪಶುವೈದ್ಯರ ಮಾತ್ರೆ, ಹನಿಗಳ ಮೇಲೆ ನನಗೆ ಹಗೆಯಿಲ್ಲ. ಎಳೆಮರಿಯ ಒಸಡು ಬಿಳಿಚಿಕೊಂಡಿದ್ದರೆ ರಕ್ತ ಬಸಿದುಹೋಗಿದೆ ಎಂದೇ ಅರ್ಥ, ಸೊಪ್ಪು ಹುಡುಕುತ್ತ ಕೂರದೆ ಅಂದೇ ಪಶು ಆಸ್ಪತ್ರೆಗೆ ಒಯ್ಯಬೇಕು. ದೊಡ್ಡ ನಾಯಿಗೂ ಬಾಲದ ಬುಡದಲ್ಲಿ ಕೂದಲು ಉದುರಿ ಚರ್ಮ ಕೆಂಪಾಗಿದ್ದರೆ ಚಿಗಟದ ಎಂಜಲಿನ ಅಲರ್ಜಿ ಇರಬಹುದು. ಅಂಥ ನಾಯಿಗೆ ಒಂದೆರಡು ಕಡಿತವೂ ಹೆಚ್ಚೇ, ಬಾಚಣಿಗೆ ಸಾಲದು.

ಕೊನೆಗೆ ಜಂತುಹುಳು. ಚಿಗಟವನ್ನು ಕಚ್ಚಿ ನುಂಗಿದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತದೆ, ಸೌತೆಬೀಜದಂಥ ತುಣುಕುಗಳು ಮಲದಲ್ಲಿ ಅಥವಾ ಬಾಲದ ಕೆಳಗೆ ಕಾಣುತ್ತವೆ. ಎಲ್ಲ ಜಂತುಮಾತ್ರೆಗೂ ಅದು ಬಗ್ಗುವುದಿಲ್ಲ, ಪ್ರಾಜಿಕ್ವಾಂಟೆಲ್ ಇರುವುದನ್ನು ನಾಯಿಯ ತೂಕ ಹೇಳಿ ವೈದ್ಯರಿಂದಲೇ ಕೇಳಿ ತರಬೇಕು. ಮನೆಯಲ್ಲಿ ಚಿಗಟ ಇಳಿಮುಖವಾಗದೆ ಅದೊಂದನ್ನೇ ಕೊಟ್ಟರೆ ತಿಂಗಳೊಳಗೆ ಮತ್ತೆ ಅದೇ ತುಣುಕುಗಳು ಕಾಣಿಸುತ್ತವೆ.