ಹಳೇ ಜಿಪ್ಸಿ ಕೊಳ್ಳುವ ಮೊದಲು ಅದರ ಅಡಿಗೆ ತೂರಿ ನೋಡಿ

ಸಕಲೇಶಪುರ, ಮಡಿಕೇರಿ ಕಡೆಯ ತೋಟದ ದಾರಿಗಳಲ್ಲಿ ಹಳೇ ಮಾರುತಿ ಜಿಪ್ಸಿ ಇವತ್ತಿಗೂ ಓಡುತ್ತಿದೆ. 1985ರ ಕೊನೆಗೆ ಬಂದ ಗಾಡಿ ಇದು. ಮೊದಲು 970 ಸಿಸಿ ಇಂಜಿನ್ ಇತ್ತು. 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್ ಬಂತು. ಆಮೇಲೆ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಬಂತು. ಈಗ ಶೋರೂಮಿನಲ್ಲಿ ಸಿಗುವುದಿಲ್ಲ, ಹಾಗಾಗಿ ಹಳೆಯದಕ್ಕೇ ಬೇಡಿಕೆ.

ನೋಡಲು ಹೋದವರು ಸಾಮಾನ್ಯವಾಗಿ ಬಾನೆಟ್ ಎತ್ತಿಸಿ ಇಂಜಿನ್ ಸದ್ದು ಕೇಳುತ್ತಾರೆ. ನಾನೂ ಮೊದಲ ಸಲ ಅದನ್ನೇ ಮಾಡಿದ್ದೆ. ಇಂಜಿನ್ ಚೆನ್ನಾಗಿತ್ತು. ಆದರೆ ಮಳೆಗಾಲದಲ್ಲಿ ಕಾಲಡಿಯ ಮ್ಯಾಟ್ ಎತ್ತಿದಾಗ ತೂತಿನಿಂದ ರಸ್ತೆ ಕಾಣಿಸಿತು. ಅವತ್ತಿನಿಂದ ನನ್ನ ತಪಾಸಣೆ ಶುರುವಾಗುವುದು ಗಾಡಿಯ ಅಡಿಯಿಂದ.

ಒಂದು ಟಾರ್ಚ್, ಒಂದು ಸ್ಕ್ರೂಡ್ರೈವರ್, ಚಿಕ್ಕ ಸುತ್ತಿಗೆ ತಗೊಂಡು ಹೋಗಿ. ಮಾರುವವರನ್ನು ಕೇಳಿಕೊಂಡೇ ಅಡಿಗೆ ತೂರಿ. ಚಾಸಿಸ್‌ನ (ಬಾಡಿ ಹೊರುವ ಅಡಿಯ ಉಕ್ಕಿನ ಚೌಕಟ್ಟು) ಹಿಂಭಾಗ, ಲೀಫ್ ಸ್ಪ್ರಿಂಗ್ ಕೂರುವ ಬ್ರಾಕೆಟ್, ಬಾಡಿಯನ್ನು ಚಾಸಿಸ್‌ಗೆ ಕೂರಿಸುವ ಬೋಲ್ಟಿನ ಸುತ್ತ, ಚಕ್ರದ ಒಳಗೋಡೆ, ಮುಂದಿನ ಗಾಜಿನ ಫ್ರೇಮಿನ ಬುಡ. ಕೆಸರು ಕೂತು, ನೀರು ನಿಲ್ಲುವುದು ಇಲ್ಲೇ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಗಟ್ಟಿ ಲೋಹ ಠಣ್ ಅನ್ನುತ್ತದೆ. ತುಕ್ಕು ತಿಂದದ್ದು ಡಬ್ ಅಂದು ಸುಮ್ಮನಾಗುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಇಳಿದೇಬಿಡಬಹುದು. ಅಡಿಯಲ್ಲಿ ಹೊಸದಾಗಿ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದರೆ ಎರಡು ಪಟ್ಟು ಹುಷಾರಾಗಿ ನೋಡಿ.

ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಖರ್ಚು ಇರುವುದೇ ಇಲ್ಲಿ. ಫ್ಲೋರ್ ತಗಡಿಗೆ ತೇಪೆ ಹಾಕಿಸುವುದು ಸಾವಿರಗಳ ಲೆಕ್ಕ. ಚಾಸಿಸ್ಸೇ ಕೊಳೆತಿದ್ದರೆ ಬಾಡಿ ಪೂರ್ತಿ ಎತ್ತಬೇಕು, ಕತ್ತರಿಸಬೇಕು, ಬೆಸುಗೆ ಹಾಕಬೇಕು, ಟಿಂಕರಿಂಗ್, ಪೇಂಟ್ ಎಲ್ಲಾ ಹೊಸದಾಗಿ ಆಗಬೇಕು. ಹತ್ತಾರು ಸಾವಿರ ಕಣ್ಣೆದುರೇ ಕರಗುತ್ತದೆ, ಗಾಡಿ ವಾರಗಟ್ಟಲೆ ಗ್ಯಾರೇಜಿನಲ್ಲೇ ಇರುತ್ತದೆ. ಅಂಥ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಆಮೇಲೆ ಮುಂದಿನ ಆಕ್ಸಲ್. ಐವತ್ತು-ಅರವತ್ತು ಕಿಲೋಮೀಟರ್ ವೇಗದಲ್ಲಿ ಒಂದು ಗುಂಡಿಗೆ ಇಳಿದರೆ ಸ್ಟೇರಿಂಗ್ ಗಡಗಡ ನಡುಗುವುದು ಹಳೇ ಜಿಪ್ಸಿಗಳಲ್ಲಿ ಕಾಣುವ ರೋಗ. ದೊಡ್ಡ ಟೈರ್ ಹಾಕಿದ್ದರೆ ಇನ್ನೂ ಜಾಸ್ತಿ. ಪರೀಕ್ಷೆ ಸುಲಭ. ಜಾಕಿ ಕೊಟ್ಟು ಚಕ್ರ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲ ಅಲುಗಾಟ) ಇದ್ದರೆ ಜೊತೆಯವರಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ವೀಲ್ ಬೇರಿಂಗ್ ಸಡಿಲ. ಆಗಲೂ ಉಳಿದರೆ ಕಿಂಗ್‌ಪಿನ್ (ಚಕ್ರ ಎಡ-ಬಲಕ್ಕೆ ತಿರುಗುವ ಕೀಲು) ಬೇರಿಂಗ್ ಸವೆದಿದೆ. ಎಡ-ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಇದ್ದರೆ ಟೈರಾಡ್ ಎಂಡ್ (ಚಕ್ರ ತಿರುಗಿಸುವ ಸ್ಟೇರಿಂಗ್ ಕಂಬಿಯ ತುದಿಯ ಕೀಲು) ನೋಡಿಸಿ. ಇವೆಲ್ಲ ಕೆಲವು ಸಾವಿರದಲ್ಲಿ ಮುಗಿಯುವ ಕೆಲಸ. ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿನ ಶಾಕ್ ಅಬ್ಸಾರ್ಬರ್) ಮಾತ್ರ ಬದಲಿಸಿ ಸರಿಹೋಯಿತು ಅಂದರೆ ಒಪ್ಪಬೇಡಿ, ಅದು ನಡುಕವನ್ನು ಮುಚ್ಚುತ್ತದೆ, ಸವೆತ ಹಾಗೇ ಇರುತ್ತದೆ.

ಅಲ್ಲೇ ಚಕ್ರದ ಹಿಂದಿರುವ ದುಂಡನೆ ಗುಂಡನ್ನು ಬೆರಳಿನಲ್ಲಿ ಮುಟ್ಟಿ. ಗ್ರೀಸ್ ಗಟ್ಟಿಯಾಗಿರಬೇಕು. ನೀರಾಗಿ ಒಸರುತ್ತಿದ್ದರೆ ಒಳಗಿನ ಆಯಿಲ್ ಸೀಲ್ ಹೋಗಿ ಡಿಫರೆನ್ಷಿಯಲ್ (ಆಕ್ಸಲ್‌ನಲ್ಲಿರುವ ಗೇರುಗಳ ಡಬ್ಬಿ) ಆಯಿಲ್ ಗ್ರೀಸಿಗೆ ಸೇರುತ್ತಿದೆ ಅಂತ ಅರ್ಥ. ಸೀಲ್ ಅಗ್ಗ, ಬಿಚ್ಚುವ ಕೂಲಿ ದುಬಾರಿ. ಆದ್ದರಿಂದ ಕಿಂಗ್‌ಪಿನ್ ಕೆಲಸ ಮಾಡಿಸುವಾಗಲೇ ಸೀಲನ್ನೂ ಹಾಕಿಸಿಬಿಡಿ. ಡಿಫರೆನ್ಷಿಯಲ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಹೊಳೆ ದಾಟಿದ ಗಾಡಿಗಳಲ್ಲಿ ಹೀಗಾಗುತ್ತದೆ. ಬೇಗ ಕಂಡರೆ ಆಯಿಲ್ ಬದಲಿಸಿದರೆ ಸಾಕು. ತಡವಾದರೆ ಬೇರಿಂಗ್, ಒಳಗಿನ ಕ್ರೌನ್ ಪಿನಿಯನ್ ಗೇರುಗಳ ತನಕ ಹೋಗುತ್ತದೆ.

ಫೋರ್ ವೀಲ್ ಡ್ರೈವನ್ನು ಡಾಂಬರಿನ ಮೇಲೆ ಪರೀಕ್ಷಿಸಬೇಡಿ. ಇದರಲ್ಲಿ ಮುಂದಿನ-ಹಿಂದಿನ ಚಕ್ರಗಳ ವೇಗದ ವ್ಯತ್ಯಾಸ ಸರಿದೂಗಿಸುವ ಮಧ್ಯದ ಡಿಫರೆನ್ಷಿಯಲ್ ಇಲ್ಲ, ತಿರುವಿನಲ್ಲಿ ಗೇರುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಮಣ್ಣಿನ ಏರು ಹುಡುಕಿ. ಮುಂದಿನ ಹಬ್‌ಗಳನ್ನು (ಚಕ್ರದ ನಡುಭಾಗ) ಲಾಕ್ ಮಾಡಿ, ಲೋ ಗೇರಿಗೆ ಹಾಕಿ ಹತ್ತಿ, ಹಾಗೇ ಇಳಿಯುವಾಗ ಆಕ್ಸಿಲರೇಟರ್ ಬಿಡಿ. ಲಿವರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬಂದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ-ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರು ಡಬ್ಬಿ) ಬಿಚ್ಚಿಸಲೇಬೇಕು. ಅದಕ್ಕೆ ಬೆಲೆಯಲ್ಲಿ ದೊಡ್ಡ ಕಡಿತ ಕೇಳಿ. ಬರೀ ಗುಂಯ್ ಸದ್ದು, ನಡುಕ ಇದ್ದರೆ ಮೊದಲು ಅದರ ರಬ್ಬರ್ ಮೌಂಟ್, ಪ್ರೊಪೆಲ್ಲರ್ ಶಾಫ್ಟಿನ (ಆಕ್ಸಲ್‌ಗೆ ಶಕ್ತಿ ಒಯ್ಯುವ ಕಂಬಿ) ಕ್ರಾಸ್ ಎಂಬ ಕೀಲು ನೋಡಿಸಿ. ಅದು ಕಡಿಮೆ ಖರ್ಚು.

ಇಂಜಿನ್ ಬಗ್ಗೆ ನನಗೆ ಹೆಚ್ಚು ಭಯವಿಲ್ಲ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ನಿಲ್ಲದೆ ಬರುತ್ತಲೇ ಇದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಕೆಲಸ ಇದೆ. 1.3 ಲೀಟರಿನದು ಎಸ್ಟೀಮ್ ಕಾರಿನ ಇಂಜಿನ್ ಕುಟುಂಬದ್ದೇ. ಅದನ್ನು ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ ತಾಲ್ಲೂಕಿಗೊಬ್ಬರಾದರೂ ಸಿಗುತ್ತಾರೆ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ನಿಮ್ಮ ಮೆಕ್ಯಾನಿಕ್ ಹತ್ತಿರ ಕೂಲಿ ಸೇರಿಸಿ ಲೆಕ್ಕ ಕೇಳಿ, ಆಮೇಲೆ ಬೆಲೆ ಮಾತಾಡಿ. ಆ ಹಾಳೆಯಲ್ಲಿ ಆರ್‌ಟಿಒ ಖರ್ಚೂ ಇರಲಿ. 15 ವರ್ಷ ದಾಟಿದ ಕಾರುಗಳ ಆರ್‌ಸಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಇದೆ. 20 ವರ್ಷ ದಾಟಿದವಕ್ಕೆ 2025ರಲ್ಲಿ ಅದನ್ನು 10,000 ಮಾಡಿದ್ದಾರೆ. ಸೇನೆಯ ಹರಾಜಿನಿಂದ ಬಂದ ಗಾಡಿಯಾದರೆ ಆಲಿವ್ ಹಸಿರು ಬಣ್ಣ ಬದಲಿಸಲೇಬೇಕು, ಖಾಸಗಿ ವಾಹನಕ್ಕೆ ಆ ಬಣ್ಣ ಹಾಕುವಂತಿಲ್ಲ. ಚಾಸಿಸ್ ಮೇಲೆ ಕೊರೆದ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಂಕಿ ತಾಳೆ ನೋಡಿ. ತುಕ್ಕಿನಲ್ಲಿ ಅಂಕಿ ಅಳಿಸಿಹೋಗಿದ್ದರೆ ಮುಂಗಡ ಕೊಡದೆ ವಾಪಸ್ ಬನ್ನಿ.