ಗಾಡಿ ಹೇಗೆ ಗುದ್ದಿತು? ಕ್ಯಾಜುವಾಲಿಟಿ ಬಾಗಿಲಲ್ಲೇ ಕೇಳಿ

ರಸ್ತೆ ಅಪಘಾತದ ಗಾಯಾಳು ಬಂದಾಗ ಉಸಿರು, ರಕ್ತಸ್ರಾವ, ಕುತ್ತಿಗೆ ನೋಡುವವರು ಅದನ್ನು ನೋಡಲಿ. ಕರೆತಂದವರನ್ನು ಇನ್ನೊಬ್ಬರು ಆಗಲೇ ಮಾತಾಡಿಸಬೇಕು, ಐದು ನಿಮಿಷ ಬಿಟ್ಟರೆ ಅವರು ಸಿಗುವುದಿಲ್ಲ. ಹೆಸರು ಹೇಳಿ ಎಂದು ಒತ್ತಾಯಿಸಬೇಡಿ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ಕೊಟ್ಟಿದೆ.

ಮೊದಲು ಹೊತ್ತು. ‘ಈಗಷ್ಟೇ ಸಾರ್’ ಅನ್ನುವುದು ಸಾಲದು, 108ಕ್ಕೆ ಫೋನ್ ಮಾಡಿದವರ ಮೊಬೈಲ್‌ನಲ್ಲಿ ಗಂಟೆ, ನಿಮಿಷ ಇರುತ್ತದೆ. ರಕ್ತ ಹೋಗುತ್ತಿರುವವರಿಗೆ ಟ್ರಾನೆಕ್ಸಾಮಿಕ್ ಆಸಿಡ್ (ರಕ್ತಸ್ರಾವ ತಗ್ಗಿಸುವ ಔಷಧ) 1 ಗ್ರಾಂ, 10 ನಿಮಿಷದಲ್ಲಿ, ಪೆಟ್ಟಾದ 3 ಗಂಟೆಯೊಳಗೆ ಕೊಡಬೇಕು. ತಡವಾದರೆ ಕೆಡುಕೇ ಆಗಬಹುದು.

ಕಾರಾದರೆ ಯಾರು ಎಲ್ಲಿ ಕೂತಿದ್ದರು, ಪೆಟ್ಟು ಯಾವ ಕಡೆಯಿಂದ ಎಂದು ಕೇಳಿ. ಬಲಬದಿಗೆ ಗುದ್ದಿದ್ದರೆ ಡ್ರೈವರ್‌ನ ಬಲ ಪಕ್ಕೆಲುಬು, ಲಿವರ್‌ಗೆ ಪೆಟ್ಟಾಗಿರಬಹುದು. ಎಡಬದಿಗಾದರೆ ಪಕ್ಕದ ಸೀಟಿನವರ ಗುಲ್ಮಕ್ಕೆ (ಸ್ಪ್ಲೀನ್). ಮಂಡಿ ಡ್ಯಾಶ್‌ಬೋರ್ಡಿಗೆ ಬಡಿದಿದ್ದರೆ ತರಚುಗಾಯಕ್ಕೆ ಪಟ್ಟಿ ಕಟ್ಟಿ ಸುಮ್ಮನಾಗಬೇಡಿ. ಕಾಲು ಗಿಡ್ಡವಾಗಿ ಒಳಕ್ಕೆ ತಿರುಗಿದ್ದರೆ ತೊಡೆಕೀಲು ತಪ್ಪಿರಬಹುದು, ಅದನ್ನು 6 ಗಂಟೆಯೊಳಗೆ ಕೂರಿಸಬೇಕು. ಬಾಗಿಲು ಕೂತವರ ಮೇಲೆ ಒಂದಡಿ ನುಗ್ಗಿದ್ದರೆ, ಯಾರಾದರೂ ಹೊರಗೆ ಎಸೆಯಲ್ಪಟ್ಟಿದ್ದರೆ, ಜೊತೆಗಿದ್ದವರು ಸತ್ತಿದ್ದರೆ, ನಡೆದು ಬಂದವರನ್ನೂ ಮಲಗಿಸಿ ಪೂರ್ತಿ ಪರೀಕ್ಷಿಸಿ. ವೇಗ ಎಷ್ಟಿತ್ತು ಅನ್ನುವ ಉತ್ತರವನ್ನು ನಂಬಬೇಡಿ. ಎಲ್ಲರೂ ನಲವತ್ತರಲ್ಲೇ ಹೋಗುತ್ತಿರುತ್ತಾರೆ!

ನಮ್ಮ ಕಡೆ ಹೆಚ್ಚು ತಪ್ಪುವುದು ಬೈಕ್‌ನಲ್ಲಿ. ಸುಗ್ಗಿಯಲ್ಲಿ ರಸ್ತೆಗೆ ಹರಡಿದ ಹುರುಳಿ, ರಾಗಿಯ ಮೇಲೆ ಬಿದ್ದವರಿಗೆಲ್ಲ ‘ಸ್ಕಿಡ್’ ಎಂದು ಬರೆದು ಮುಗಿಸುತ್ತಾರೆ. ಪಕ್ಕಕ್ಕೆ ಜಾರಿದವರಿಗೆ ಚರ್ಮ ಸುಲಿಯುತ್ತದೆ, ಕೊರಳ ಎಲುಬು ಮುರಿಯುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು ಮುಂದಕ್ಕೆ ಹಾರಿಬಿದ್ದವರ ಕಥೆ ಬೇರೆ. ಹ್ಯಾಂಡಲ್ ತುದಿ ಹೊಟ್ಟೆಗೆ ಚುಚ್ಚಿರುತ್ತದೆ. ಅಂಗಿ ಎತ್ತಿ ನೋಡಿ: ಪಕ್ಕೆಲುಬಿನ ಕೆಳಗೆ ರೂಪಾಯಿ ಬಿಲ್ಲೆಯಷ್ಟು ಕೆಂಪು ಗುರುತು ಇದ್ದರೂ ಒಳಗೆ ಲಿವರ್, ಮೇದೋಜೀರಕ ಗ್ರಂಥಿ, ಕರುಳು ಹರಿದಿರಬಹುದು. ಹೊಟ್ಟೆಯ ಮೊದಲ ಸ್ಕ್ಯಾನ್ ನಾರ್ಮಲ್ ಬಂದರೂ ಮನೆಗೆ ಕಳಿಸಬೇಡಿ. ನಾಡಿ, ಬಿಪಿ, ಹೊಟ್ಟೆನೋವು ಮತ್ತೆ ಮತ್ತೆ ನೋಡಿ, ಸ್ಕ್ಯಾನ್ ಇನ್ನೊಮ್ಮೆ ಮಾಡಿಸಿ. ವಯಸ್ಸಿನ ಹುಡುಗರಲ್ಲಿ ಬಿಪಿ ಇಳಿಯುವುದು ಕೊನೆಗೆ, ನಾಡಿ ಮೊದಲೇ ಏರುತ್ತದೆ. ಹೊಟ್ಟೆಗೆ ಅಡ್ಡಲಾಗಿ ಸೀಟ್‌ಬೆಲ್ಟ್ ಗೀರು ಇರುವವರಿಗೂ ಇದೇ ಎಚ್ಚರ.

ಪಾವಗಡದಿಂದ ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ ಸಾಗುವಾಗ ಈ ವಿವರವೇ ಮೊದಲು ಕಳೆದುಹೋಗುವುದು. ರೆಫರಲ್ ಚೀಟಿಯ ಮೊದಲ ಸಾಲಿಗೇ ಬರೆಯಿರಿ: ‘ಸಂಜೆ 5.40, ಹುರುಳಿಯ ಮೇಲೆ ಬೈಕ್, ಮುಂದಕ್ಕೆ ಬಿದ್ದದ್ದು, ಹೆಲ್ಮೆಟ್ ಇತ್ತು, ಹ್ಯಾಂಡಲ್ ಗುರುತು ಬಲ ಪಕ್ಕೆ ಕೆಳಗೆ, 6.30ರ ಸ್ಕ್ಯಾನ್ ನಾರ್ಮಲ್, ನಾಡಿ 96ರಿಂದ 118ಕ್ಕೆ ಏರಿದೆ.’