ಐರಿಶ್ ಕಾಫಿ: ಕೆನೆ ತೇಲಿದರೆ ಗೆದ್ದಂತೆ

1940ರ ದಶಕದಲ್ಲಿ ಐರ್ಲೆಂಡ್‌ನ ಫಾಯ್ನ್ಸ್‌ನಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳು ಬರುತ್ತಿದ್ದವು. ಚಳಿಯಲ್ಲಿ ನಡುಗುತ್ತಿದ್ದ ಪ್ರಯಾಣಿಕರಿಗೆ ಅಲ್ಲಿನ ಬಾಣಸಿಗ ಜೋ ಶೆರಿಡನ್ ಕಾಫಿಗೆ ವಿಸ್ಕಿ ಬೆರೆಸಿ ಕೊಟ್ಟರಂತೆ.

ಗಾಜಿನ ಲೋಟವನ್ನು ಬಿಸಿನೀರಿನಿಂದ ಬೆಚ್ಚಗೆ ಮಾಡಿ, ನೀರು ಚೆಲ್ಲಿ. ಎರಡು ಟೀ ಚಮಚ ಕಂದು ಸಕ್ಕರೆ, 120 ಮಿ.ಲೀ. ಸ್ಟ್ರಾಂಗ್ ಬಿಸಿ ಕಾಫಿ ಹಾಕಿ ಪೂರ್ತಿ ಕರಗಿಸಿ. ನನ್ನ ಹೆಂಡತಿ ಸಕ್ಕರೆ ಜಾಸ್ತಿ ಅಂತ ಗೊಣಗುತ್ತಾಳೆ. ಆದರೆ ಸಕ್ಕರೆಯಿಂದ ಕಾಫಿ ಸಾಂದ್ರವಾಗುತ್ತದೆ, ಕೆನೆ ತೇಲೋದಕ್ಕೆ ಅದು ಬೇಕು. ಆಮೇಲೆ 45 ಮಿ.ಲೀ. ಐರಿಶ್ ವಿಸ್ಕಿ. ನಾನು ಜೇಮ್ಸನ್ ಹಾಕುತ್ತೇನೆ; ಹೊಗೆ ವಾಸನೆಯ ಸ್ಕಾಚ್ ಬೇಡವೇ ಬೇಡ. ನಮ್ಮ ಚಿಕೋರಿ ಡಿಕಾಕ್ಷನ್ ನನಗೆ ಪ್ರಾಣ, ಆದರೂ ಇಲ್ಲಿ ಅದರ ಕಹಿ ವಿಸ್ಕಿಯನ್ನು ಮುಚ್ಚಿಬಿಡುತ್ತದೆ. ಚಿಕೋರಿ ಇಲ್ಲದ ಪುಡಿಯೇ ಇರಲಿ.

ನಿಜವಾದ ಕೆಲಸ ಕೆನೆಯದು. 35% ಕೊಬ್ಬಿರುವ ವಿಪ್ಪಿಂಗ್ ಕ್ರೀಮ್ ತನ್ನಿ, ಸಕ್ಕರೆ ಹಾಕಿರದಿದ್ದರೆ ಒಳ್ಳೆಯದು. ಅಂಗಡಿಯ 25%ರ ಫ್ರೆಶ್ ಕ್ರೀಮ್ ಸರಿಯಾಗಿ ಉಬ್ಬಲ್ಲ. ಫ್ರಿಜ್‌ನಿಂದ ತೆಗೆದ ತಕ್ಷಣ ಕಡೆಯಿರಿ. ಗಟ್ಟಿಯಾಗಬಾರದು, ದೋಸೆ ಹಿಟ್ಟಿನ ಹಾಗೆ ಸುರಿಯುವಂತಿರಬೇಕು. ಚಮಚ ಬೋರಲು ಹಿಡಿದು, ಅದರ ಬೆನ್ನ ಮೇಲೆ ಮೆಲ್ಲಗೆ ಸುರಿಯಿರಿ. ಒಂದು ಬೆರಳು ದಪ್ಪ ಸಾಕು.

ಕಲಕಬೇಡಿ. ತಣ್ಣನೆಯ ಕೆನೆಯ ಮೂಲಕವೇ ಬಿಸಿ ಕಾಫಿ ಹೀರಬೇಕು.